ಮುಳ್ಳು ಎಲ್ಲಿದೆ ನೋಡು

ಮೊದಲು ಹೊಗೆಯ ಬಗ್ಗೆ ಹೇಳಬೇಕು.
ಏರು ಶುರುವಾದೊಡನೆ ಪಕ್ಕದ ಕನ್ನಡಿಯಲ್ಲಿ
ನೆವಾಡಾ ಮುಚ್ಚಿಹೋಗುವಷ್ಟು ಕಪ್ಪು.
ಆಗ ನನಗದು ಹೆಮ್ಮೆ.
ಇನ್ನೂರು ಡಾಲರಿನ ಚಿಪ್ ಒಂದನ್ನು ನಾನೇ ಸಿಕ್ಕಿಸಿ
ಹಳೆಯ ಪಿಕಪ್ಪಿಗೆ ಹೋರಿಯ ಬಲ ತಂದಿದ್ದೆ.

ಹಿಂದೆ ಟ್ರೇಲರು, ಅದರಲ್ಲಿ ತೊಂಬತ್ತಾರು ಜೇನುಪೆಟ್ಟಿಗೆ,
ಮೇಲೆ ಬಿಗಿದ ಬಲೆ,
ಬಲೆಯೊಳಗೆ ಎಣಿಸಲಾಗದ ಸಂಸಾರ.
ಕ್ಯಾಲಿಫೋರ್ನಿಯಾದ ಹೂ ಮುಗಿಸಿ
ಐಡಹೋದ ಕುದುರೆಮಸಾಲೆ ಹೊಲಗಳಿಗೆ ಹೊರಟವು.
ನಡುವೆ ಗೋಲ್ಕೊಂಡ ಘಟ್ಟ.
ಹೆಸರಿಟ್ಟವನು ಯಾವ ದೂರದೇಶದ ವಜ್ರ ನೆನೆದಿದ್ದನೋ,
ಇಲ್ಲಿರುವುದು ಸೇಜ್ ಪೊದೆ ಮತ್ತು ಬಿಸಿಲು.

ಜುಲೈ ಹನ್ನೊಂದು, ಮಧ್ಯಾಹ್ನ, ಅರ್ಧ ಏರಿನಲ್ಲಿ
ಬಾನೆಟ್ಟಿನಡಿ ಏನೋ ನರಳಿತು. ನಿಲ್ಲಿಸಿದೆ.
ಆರಲು ಒಂದೂವರೆ ಗಂಟೆ.
ಇಂಜಿನ್ ಉಳಿಯಿತು.

ಹಿಂದೆ, ಗಾಳಿ ಸುಳಿಯದೆ ನಿಂತ ಬಲೆಯೊಳಗೆ
ಮೊದಲು ಮೊರೆತ ಏರಿತು;
ಆಮೇಲೆ ಅದು ಇಳಿಯತೊಡಗಿದಾಗ
ನನಗೆ ಓಡಬೇಕೆನಿಸಿತು.
ಎರಿಗಳು ಮೆತ್ತಗಾಗಿ ಕುಸಿದು
ಹಲಗೆಸಂದಿಯಿಂದ ಡಾಂಬರಿಗೆ
ಜೇನು, ಜೇನಿನಲ್ಲಿ ರೆಕ್ಕೆ.
ಹದಿನೇಳು ಪೆಟ್ಟಿಗೆ.
ನಿಂತರೆ ಇವು, ಹೋದರೆ ಅದು.
ನಾನು ಕಬ್ಬಿಣದ ಪಕ್ಷ ವಹಿಸಿದ್ದೆ.

ವಿನ್ನೆಮುಕ್ಕದಲ್ಲಿ ಇಬಾನ್ ಎಚೆವೆರಿಯ ಗ್ಯಾರೇಜು.
ಅವನಜ್ಜ ಬಾಸ್ಕ್ ನಾಡಿನಿಂದ ಬಂದು
ಈ ಗುಡ್ಡಗಳಲ್ಲಿ ಕುರಿ ಕಾಯ್ದವನು.
ಮೊಮ್ಮಗ ಸೈಲೆನ್ಸರಿನ ಬಾಯಿಗೆ ಬೆರಳಾಡಿಸಿ
ಮಸಿಯನ್ನು ನೋಡುತ್ತ, ನನ್ನನ್ನು ನೋಡದೆ ಹೇಳಿದ:
"ಬೆಂಕಿಗೆ ಅನ್ನ ಹಾಕಿದ್ದೀಯ, ಮಾರ್ಲಿಸ್.
ಉಸಿರು ಯಾರು ಹಾಕ್ತಾರೆ?"

ಚಿಪ್ ಕಿತ್ತು ನನ್ನ ಅಂಗೈಗಿಟ್ಟ.
ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತೂತು ಕೊರೆದ,
ಚೂರು ಟರ್ಬೋದೊಳಗೆ ಜಾರದಂತೆ
ಡ್ರಿಲ್ಲಿನ ಮೂತಿಗೆ ಗ್ರೀಸು ಮೆತ್ತಿ,
ಕೂಸಿನ ಕಿವಿ ಚುಚ್ಚುವವನ ನಾಜೂಕಿನಲ್ಲಿ.
ಆ ತೂತಿನೊಳಗೊಂದು ತಂತಿ;
ತಂತಿಯ ಈಚೆ ತುದಿಗೆ, ಸ್ಟೀರಿಂಗಿನ ಪಕ್ಕ, ಒಂದು ಮುಳ್ಳು.
ಅಗಲದ ಇಂಟರ್‌ಕೂಲರ್, ದೊಡ್ಡ ಟರ್ಬೋ,
ಬಾಲದವರೆಗೆ ನಾಲ್ಕಿಂಚಿನ ಕೊಳವೆ.
"ಸಾವಿರದ ಇನ್ನೂರೈವತ್ತು ದಾಟಿ ಎಳೀತಾ ಇದ್ದರೆ
ಪಿಸ್ಟನ್ನು ಬೆಣ್ಣೆಯ ಜಾತಿ.
ಮುಂಚೆಯೇ ಗೇರು ಇಳಿಸು.
ಜಂಬ ಇದ್ದರೆ ಅದನ್ನೂ."
ಬಿಲ್ಲು ನಾಲ್ಕು ಸಾವಿರದ ಆರುನೂರು.
ಎರಡು ಡಬ್ಬ ಜೇನಿಗೆ ನೂರು ಬಿಟ್ಟ,
ಅದೂ ತೂಗಿ ನೋಡಿ.

ಆಗಸ್ಟಿನಲ್ಲಿ ಮತ್ತೆ ಅದೇ ಏರು, ಇಳಿಹೊತ್ತು.
ಒಂಬೈನೂರು. ಸಾವಿರ.
ಸಾವಿರದ ನೂರ ಎಂಬತ್ತು.
ನಾಲ್ಕರಿಂದ ಮೂರಕ್ಕೆ ಇಳಿಸಿದೆ. ಇಂಜಿನ್ ಕೂಗಿತು;
ಮುಳ್ಳು ಮಾತ್ರ, ಬೈಸಿಕೊಂಡ ಹುಡುಗನಂತೆ,
ಮೆಲ್ಲಗೆ ಹಿಂದೆ ಸರಿಯಿತು.
ಸಿಮೆಂಟಿನ ಲಾರಿಯೊಂದು ನನ್ನನ್ನು ದಾಟಿ ಹೋಯಿತು. ಹೋಗಲಿ.
ಕನ್ನಡಿಯಲ್ಲಿ ಹೊಗೆಯಿಲ್ಲ. ಬಲೆ ಕಾಣುತ್ತದೆ,
ಬಲೆಯ ಹಿಂದೆ ಒಂದಿಡೀ ಜಿಲ್ಲೆ ಕಾಣುತ್ತದೆ.

ಈ ಸಲ ಎಪ್ಪತ್ತೊಂಬತ್ತೇ ಪೆಟ್ಟಿಗೆ.
ಆ ಹದಿನೇಳರ ಭಾರ ಇಲ್ಲವೆಂದೇ
ಮುಳ್ಳು ತಗ್ಗಿತೇನೋ. ಎಷ್ಟು ಕೊಳವೆಯಿಂದ,
ಎಷ್ಟು ಸತ್ತವುಗಳಿಂದ?
ಇಬಾನ್‌ಗೆ ಗೊತ್ತಿರಬಹುದು. ಕೇಳಿಲ್ಲ.

ನೆತ್ತಿಯಲ್ಲಿ ಮೂರು ನಿಮಿಷ, ಕೀ ತಿರುಗಿಸದೆ:
ಟರ್ಬೋ ಆರಬೇಕು.
ಇಳಿದು ಹಿಂದಕ್ಕೆ ನಡೆದೆ.
ಪ್ರತಿ ಪೆಟ್ಟಿಗೆಯ ಬಾಯಲ್ಲೂ ಒಂದು ಸಾಲು,
ತಲೆ ತಗ್ಗಿಸಿ, ಬೆನ್ನು ಎತ್ತಿ,
ಎಲ್ಲಿಗೂ ಹಾರದೆ ರೆಕ್ಕೆ ಬೀಸುತ್ತಿದ್ದವು.
ಒಳಗಿನ ಬಿಸಿಯನ್ನು ಹೊರಗೆ ತಳ್ಳುತ್ತಿದ್ದವು.
ಬಲೆಗೆ ಅಂಗೈ ಹಿಡಿದೆ.
ಗಾಳಿ ಬಂತು. ಮೇಣದ ವಾಸನೆಯ, ಬೆಚ್ಚನೆಯ,
ಬೆವರು ಆರುವಷ್ಟೇ ಗಾಳಿ.

ಮುಂದೆ, ಕ್ಯಾಬಿನ ಕತ್ತಲಲ್ಲಿ
ಮುಳ್ಳು ನಾನೂರಕ್ಕೆ ಇಳಿದಿತ್ತು.